ಮಿಸ್ ವರ್ಲ್ಡ್: ಮಾತಿನ ಸುತ್ತು ಗೆದ್ದವರು ಎಲ್ಲಿ ಹೋದರು?

2025ರ ಮೇ 31ರ ರಾತ್ರಿ ಹೈದರಾಬಾದಿನ ಹೈಟೆಕ್ಸ್ ಸಭಾಂಗಣ. ಮಿಸ್ ವರ್ಲ್ಡ್ ಕಿರೀಟಕ್ಕೆ ಉಳಿದ ಕೆಲವೇ ಹುಡುಗಿಯರಲ್ಲಿ ಒಬ್ಬರಾಗಿದ್ದ ಥಾಯ್ಲೆಂಡಿನ ಓಪಲ್ ಸುಚಾತಾ ಚುಆಂಗ್‌ಶ್ರೀ ಅವರನ್ನು ತೀರ್ಪುಗಾರರ ಸಾಲಿನಲ್ಲಿದ್ದ ನಟ ಸೋನು ಸೂದ್ ಕೇಳಿದ ಪ್ರಶ್ನೆ ಹೆಚ್ಚುಕಡಿಮೆ ಹೀಗಿತ್ತು: ಕಥೆಗಳನ್ನು ಹೇಳುವ ಬಗೆಯಲ್ಲಿ ಸತ್ಯ ಎಷ್ಟಿರಬೇಕು, ಹೇಳುವವರ ಹೊಣೆ ಏನು ಎಂಬುದನ್ನು ಈ ಪಯಣ ನಿಮಗೆ ಹೇಗೆ ಕಲಿಸಿತು? ಓಪಲ್ ನಗುನಗುತ್ತಲೇ ಜವಾಬ್ದಾರಿಯ ಬಗ್ಗೆ, ಇತರರಿಗೆ ಮಾದರಿಯಾಗುವ ಬಗ್ಗೆ ನಾಲ್ಕು ಮಾತಾಡಿದರು. ಸಭಾಂಗಣ ಚಪ್ಪಾಳೆ ತಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಕಿರೀಟ ಅವರ ತಲೆಯ ಮೇಲಿತ್ತು.

ಪ್ರಶ್ನೆ ಆಕಾಶದಿಂದ ಉದುರಿದ್ದಲ್ಲ. ಕೆಲವೇ ದಿನಗಳ ಹಿಂದೆ ಮಿಸ್ ಇಂಗ್ಲೆಂಡ್ ಮಿಲ್ಲಾ ಮ್ಯಾಗಿ ಸ್ಪರ್ಧೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿ, ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ತಮ್ಮ ಕಥೆ ಹೇಳಿದ್ದರು. ಔತಣಕೂಟಗಳಲ್ಲಿ ಹಣವಂತ ಪ್ರಾಯೋಜಕರ ಮೇಜುಗಳಿಗೆ ಸ್ಪರ್ಧಿಗಳನ್ನು ಹಂಚಿ ಕೂರಿಸಿದರು, ಅವರನ್ನು ರಂಜಿಸುವುದೇ ತಮ್ಮ ಕೆಲಸ ಎಂಬಂತೆ ನಡೆಸಿಕೊಂಡರು ಎಂಬುದು ಅವರ ಆರೋಪ. ಸಂಘಟಕರು ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ತಾಯಿಯ ಆರೋಗ್ಯದ ಕಾರಣ ಕೊಟ್ಟು ಹೋದರು ಎಂದರು, ಅವರು ಖುಷಿಯಾಗಿ ಮಾತಾಡಿದ ವಿಡಿಯೋ ತುಣುಕುಗಳನ್ನು ಹೊರಬಿಟ್ಟರು. ತೆಲಂಗಾಣ ಸರ್ಕಾರ ವಿಚಾರಣೆಗೆ ಆದೇಶಿಸಿತು. ಮಿಲ್ಲಾ ಖಾಲಿ ಮಾಡಿದ ಜಾಗಕ್ಕೆ ಮಿಸ್ ಇಂಗ್ಲೆಂಡ್ ಸ್ಪರ್ಧೆಯ ರನ್ನರ್ ಅಪ್ ಬಂದು ನಿಂತರು. ಹಾಗಾಗಿ ಅಂತಿಮ ರಾತ್ರಿಯ ಆ ಪ್ರಶ್ನೆ ಓಪಲ್‌ಗೆ ಕೇಳಿದ್ದರೂ ಗುರಿ ಬೇರೆ ಕಡೆಗಿತ್ತು ಎನ್ನುವ ಅನುಮಾನ ನನ್ನನ್ನು ಬಿಟ್ಟಿಲ್ಲ. ಹೊರಟುಹೋದವಳ ಬಗ್ಗೆ ಉಳಿದವಳನ್ನು ಕೇಳಿ, ಉತ್ತರಕ್ಕೆ ಅಂಕ ಹಾಕುವುದು ಈ ಸ್ಪರ್ಧೆಯ ಜಾಣತನವೂ ಹೌದು, ಸಣ್ಣತನವೂ ಹೌದು.

ಮಿಸ್ ವರ್ಲ್ಡ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಹೆಣ್ಣಿನ ಮೈಯನ್ನು ಸಂತೆಗಿಟ್ಟಿದ್ದಾರೆ ಎಂಬ ಸಿಟ್ಟಿನ ದಾರಿ. ಇನ್ನೊಂದು, ನಮ್ಮ ಕರಾವಳಿಯ ಹುಡುಗಿ ವಿಶ್ವ ಗೆದ್ದಳು ಎಂಬ ಹೆಮ್ಮೆಯ ದಾರಿ. ಎರಡರಲ್ಲೂ ಸ್ಪರ್ಧೆ ಮತ್ತು ಸ್ಪರ್ಧಿ ಒಂದೇ ಗಂಟಿನಲ್ಲಿ ಬರುತ್ತವೆ. ನನಗೆ ಅನ್ನಿಸುವುದು ಬೇರೆ. ಎಪ್ಪತ್ತು ವರ್ಷ ದಾಟಿದ ಈ ಸ್ಪರ್ಧೆಯ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಸ್ಪರ್ಧಿಗಳು ಮತ್ತೆ ಮತ್ತೆ ಸ್ಪರ್ಧೆಗಿಂತ ದೊಡ್ಡವರಾಗಿ ಕಾಣುತ್ತಾರೆ. ಬುದ್ಧಿಯಲ್ಲಿ, ಧೈರ್ಯದಲ್ಲಿ, ಕೆಲವೊಮ್ಮೆ ಬರಿಯ ಒಳ್ಳೆಯತನದಲ್ಲಿ. ಆದರೆ ಅವರನ್ನು ಕರೆತಂದು ನಿಲ್ಲಿಸುವ ವೇದಿಕೆ ಆ ಎತ್ತರಕ್ಕೆ ಒಮ್ಮೆಯೂ ಏರಿಲ್ಲ.

ಹುಟ್ಟಿದ್ದೇ ಜಾಹೀರಾತಾಗಿ. 1951ರಲ್ಲಿ ಲಂಡನ್ನಿನಲ್ಲಿ ಫೆಸ್ಟಿವಲ್ ಆಫ್ ಬ್ರಿಟನ್ ನಡೆಯುತ್ತಿದ್ದಾಗ, ಮೆಕ್ಕಾ ಎಂಬ ನೃತ್ಯಶಾಲೆಗಳ ಕಂಪನಿಯ ಪ್ರಚಾರದ ಹೊಣೆ ಹೊತ್ತಿದ್ದ ಎರಿಕ್ ಮೋರ್ಲಿ ಜನರನ್ನು ಸೆಳೆಯಲು ಬಿಕಿನಿ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಪತ್ರಿಕೆಗಳು ಅದಕ್ಕೆ ಮಿಸ್ ವರ್ಲ್ಡ್ ಎಂದು ಹೆಸರಿಟ್ಟವು. ಸ್ವೀಡನ್ನಿನ ಕಿಕಿ ಹಾಕನ್ಸನ್ ಬಿಕಿನಿಯಲ್ಲೇ ಕಿರೀಟ ತೊಟ್ಟರು, ವ್ಯಾಟಿಕನ್ ಕಣ್ಣು ಕೆಂಪಗೆ ಮಾಡಿಕೊಂಡಿತು, ಮರುವರ್ಷದಿಂದ ಬಿಕಿನಿ ಹೋಗಿ ಮೈಮುಚ್ಚುವ ಈಜುಡುಗೆ ಬಂತು. ಮುಂದಿನ ಎಲ್ಲ ದಶಕಗಳ ನಡವಳಿಕೆ ಈ ಒಂದು ವರ್ಷದಲ್ಲೇ ಇದೆ. ಎಲ್ಲಿಂದ ಗದ್ದಲ ಬರುತ್ತದೋ ಅಲ್ಲಿಗೆ ತಕ್ಕಂತೆ ಬಟ್ಟೆ ಬದಲಾಯಿಸುವುದು, ಒಳಗಿನ ವ್ಯಾಪಾರ ಮಾತ್ರ ಹಾಗೇ ಉಳಿಸಿಕೊಳ್ಳುವುದು.

1966ರಲ್ಲಿ ಈ ವೇದಿಕೆಗೆ ಮುಂಬೈಯ ವೈದ್ಯಕೀಯ ವಿದ್ಯಾರ್ಥಿನಿ ರೀಟಾ ಫರಿಯಾ ಬಂದರು. ಗೋವಾ ಮೂಲದ ಕುಟುಂಬ, ಗ್ರಾಂಟ್ ಮೆಡಿಕಲ್ ಕಾಲೇಜಿನ ಓದು. ಉಡುಗೆಗಳನ್ನೂ ಅವರಿವರಿಂದ ಎರವಲು ತಂದಿದ್ದರು. ಏಷ್ಯಾದಿಂದ ಗೆದ್ದ ಮೊದಲ ಮಿಸ್ ವರ್ಲ್ಡ್ ಅವರು. ಆ ಡಿಸೆಂಬರಿನಲ್ಲಿ ಬಾಬ್ ಹೋಪ್ ಜತೆ ವಿಯೆಟ್ನಾಮಿಗೆ, ಅಮೆರಿಕದ ಸೈನಿಕರನ್ನು ರಂಜಿಸಲು ಅವರನ್ನು ಒಯ್ದರು. ಯುದ್ಧವನ್ನು ಒಪ್ಪದ ದೆಹಲಿಗೆ ಇದು ಇರಿಸುಮುರಿಸು ತಂದಿತು. ಒಂದು ವರ್ಷ ಮುಗಿಯುತ್ತಿದ್ದಂತೆ ರೀಟಾ ಮಾಡೆಲಿಂಗನ್ನೂ ಸಿನಿಮಾವನ್ನೂ ಬದಿಗಿಟ್ಟು ಲಂಡನ್ನಿನಲ್ಲಿ ಓದು ಮುಂದುವರಿಸಿ ವೈದ್ಯೆಯಾದರು, ಐರ್ಲೆಂಡಿನಲ್ಲಿ ನೆಲೆಸಿದರು. ಕಿರೀಟದ ಕಥೆಗಳಲ್ಲಿ ಇದನ್ನು ವಿನಯದ ಉದಾಹರಣೆಯಾಗಿ ಹೇಳುತ್ತಾರೆ. ನನಗದು ವಿನಯಕ್ಕಿಂತ ವಿಮರ್ಶೆಯಾಗಿ ಕಾಣುತ್ತದೆ. ಒಂದು ವರ್ಷ ಒಳಗಿದ್ದು ನೋಡಿದ ಬುದ್ಧಿವಂತೆಯೊಬ್ಬರು ಇದರಲ್ಲಿ ತಮಗೆ ಬೇಕಾದ್ದು ಇನ್ನೇನೂ ಇಲ್ಲ ಎಂದು ತೀರ್ಮಾನಿಸಿದರು.

ನಾಲ್ಕು ವರ್ಷ ಕಳೆದ ಮೇಲೆ ಅದೇ ಬಾಬ್ ಹೋಪ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಿರೂಪಕರಾಗಿದ್ದಾಗ ಮಹಿಳಾ ಚಳವಳಿಯ ಹೆಣ್ಣುಮಕ್ಕಳು ಮೇಲಂತಸ್ತಿನಿಂದ ಹಿಟ್ಟಿನ ಪೊಟ್ಟಣ, ಕೊಳೆತ ತರಕಾರಿ ಎಸೆದರು. ಹೋಪ್ ವೇದಿಕೆ ಬಿಟ್ಟು ಓಡಿದರು. 1970ರ ಆ ರಾತ್ರಿಯ ಬಗ್ಗೆ ಸಿನಿಮಾವೂ ಬಂದಿದೆ. ಆದರೆ ಅದೇ ರಾತ್ರಿ ನಡೆದ ಇನ್ನೊಂದು ಸಂಗತಿ ಹಿಟ್ಟಿನ ಹೊಗೆಯಲ್ಲಿ ಮಸುಕಾಯಿತು. ವರ್ಣಭೇದದ ದಕ್ಷಿಣ ಆಫ್ರಿಕಾದಿಂದ ಇಬ್ಬರು ಬಂದಿದ್ದರು: ಮಿಸ್ ದಕ್ಷಿಣ ಆಫ್ರಿಕಾ ಎಂಬ ಪಟ್ಟಿ ಧರಿಸಿದ ಬಿಳಿಯ ಹುಡುಗಿ ಮತ್ತು ಮಿಸ್ ಆಫ್ರಿಕಾ ಸೌತ್ ಎಂಬ ಪಟ್ಟಿ ಧರಿಸಿದ ಪರ್ಲ್ ಜಾನ್ಸೆನ್. ಟೀಕೆ ತಪ್ಪಿಸಿಕೊಳ್ಳಲು ಮೋರ್ಲಿ ಕಂಡುಕೊಂಡ ಉಪಾಯವದು. ಒಂದು ದೇಶಕ್ಕೆ ಎರಡು ಪಟ್ಟಿ. ಗೆದ್ದದ್ದು ಗ್ರೆನಡಾ ಎಂಬ ಪುಟ್ಟ ದ್ವೀಪದ ಜೆನಿಫರ್ ಹೋಸ್ಟನ್, ಎರಡನೆಯ ಸ್ಥಾನ ಪರ್ಲ್ ಅವರದು. ಹೋಸ್ಟನ್ ಕಿರೀಟ ತೊಟ್ಟ ಮೊದಲ ಕಪ್ಪು ಮಹಿಳೆ. ಗ್ರೆನಡಾದ ಪ್ರೀಮಿಯರ್ ಎರಿಕ್ ಗೈರಿ ತೀರ್ಪುಗಾರರ ಸಾಲಿನಲ್ಲೇ ಕೂತಿದ್ದರಿಂದ ತೀರ್ಪಿನ ಮೇಲೆ ಕೆಸರು ಬಿತ್ತು. ಮುಂದೆ ಹೋಸ್ಟನ್ ತಮ್ಮ ದೇಶದ ಹೈಕಮಿಷನರ್ ಆಗಿ ಕೆನಡಾದಲ್ಲಿ ಕೆಲಸ ಮಾಡಿದರು. ಪ್ರತಿಭಟಿಸಿದವರು ಹೇಳಿದ್ದು ನಿಜವೇ. ಆದರೆ ಮೇಲಂತಸ್ತಿನಲ್ಲಿ ನಿಂತವರಿಗೆ ಇಲ್ಲದ ಒಂದು ದಾರಿ ವೇದಿಕೆಯ ಮೇಲಿದ್ದ ಆ ಇಬ್ಬರಿಗೆ ಅಲ್ಲಿ ತೆರೆದಿತ್ತು ಎನ್ನುವುದೂ ಅಷ್ಟೇ ನಿಜ. ಪರ್ಲ್ ವಾಪಸಾದದ್ದು ಮಾತ್ರ ಅದೇ ವರ್ಣಭೇದದ ಊರಿಗೆ.

ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ದೊಡ್ಡ ಟೀವಿ ವಾಹಿನಿಗಳು ಕಾರ್ಯಕ್ರಮವನ್ನು ಕೈಬಿಟ್ಟವು. ಮೊದಲು ಬಿಬಿಸಿ, ಆಮೇಲೆ ಐಟಿವಿ. ಕಥೆಯ ನಿಜವಾದ ತಿರುವು ಇಲ್ಲಿದೆ. ಪ್ರಸಾರದ ಹಣ ಬತ್ತಿದ ಮೇಲೆ ಸ್ಪರ್ಧೆ ಊರೂರು ಅಲೆಯತೊಡಗಿತು. ಹಾಂಗ್‌ಕಾಂಗ್, ಆಮೇಲೆ ದಕ್ಷಿಣ ಆಫ್ರಿಕಾದ ಸನ್ ಸಿಟಿ, ಬೆಂಗಳೂರು, ಸೆಶೆಲ್ಸ್, ಚೀನಾದ ಸಾನ್ಯಾ. ಸಂಘಟಕರ ಹೊಸ ಗ್ರಾಹಕ ವೀಕ್ಷಕನಲ್ಲ, ಆತಿಥ್ಯ ವಹಿಸುವ ಊರು. ರೆಸಾರ್ಟು, ರಾಜ್ಯ ಸರ್ಕಾರ, ಪ್ರವಾಸೋದ್ಯಮ ಇಲಾಖೆ, ಹೆಸರು ಮಾಡಬೇಕೆಂಬ ಹಂಬಲದ ಕಂಪನಿ. ಅಲ್ಲಿಂದ ಮುಂದೆ ನಡೆದ ಅವಘಡಗಳನ್ನೆಲ್ಲ ಸಂಸ್ಕೃತಿಯ ಸಂಘರ್ಷ ಎಂದು ಓದುವುದು ವಾಡಿಕೆ. ಅವುಗಳಲ್ಲಿ ಬಹುಪಾಲು ಆತಿಥ್ಯದ ಲೆಕ್ಕಾಚಾರದ ಫಲ.

ಬೆಂಗಳೂರಿನದನ್ನೇ ನೋಡಿ. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಂಬತ್ತೆಂಟು ದೇಶಗಳ ಹುಡುಗಿಯರು ನಿಂತರು. ಖರ್ಚು ವಹಿಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್. ಎರಡು ವರ್ಷಗಳ ಹಿಂದೆ ಸುಶ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಎರಡು ದೊಡ್ಡ ಕಿರೀಟಗಳನ್ನು ತಂದ ಗುಂಗು ಇನ್ನೂ ಇಳಿದಿರಲಿಲ್ಲ. ಉದಾರೀಕರಣದ ಮೊದಲ ಸುಗ್ಗಿ. ಐಟಿ ನಗರಿಯೆಂದು ಹೊರಜಗತ್ತು ಆಗತಾನೆ ಗುರುತಿಸತೊಡಗಿದ್ದ ಊರಿಗೆ ಜಾಗತಿಕ ಮುಖ ಬೇಕಿತ್ತು. ಮುಖ್ಯಮಂತ್ರಿ ಜೆ.ಎಚ್. ಪಟೇಲ್ ಸ್ಪರ್ಧೆಯ ಬೆನ್ನಿಗೆ ನಿಂತರು. ಎದುರಿಗೆ ನಿಂತವರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಒಬ್ಬರು. ಅದೇ ವರ್ಷದ ಜನವರಿಯಲ್ಲಿ ಅವರ ರೈತ ಸಂಘದವರು ನಗರದ ಕೆಎಫ್‌ಸಿ ಅಂಗಡಿಗೆ ನುಗ್ಗಿದ್ದರು. ಪಟೇಲರೂ ನಂಜುಂಡಸ್ವಾಮಿಯೂ ಲೋಹಿಯಾ ಸಮಾಜವಾದದ ಒಂದೇ ಗರಡಿಯಿಂದ ಬಂದವರು. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತಾಡಿದ ಪಟೇಲರು ಕಿರೀಟದ ಕಡೆಗೆ, ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧ ಹಳ್ಳಿಯ ರೈತನನ್ನು ಎಬ್ಬಿಸಿದ ನಂಜುಂಡಸ್ವಾಮಿ ಅದರ ವಿರುದ್ಧ. ಕರ್ನಾಟಕದ ಸಮಾಜವಾದ ಎಲ್ಲಿ ಕವಲೊಡೆಯಿತು ಎಂದು ತಿಳಿಯಬೇಕಾದವರು ಚುನಾವಣಾ ಫಲಿತಾಂಶಕ್ಕಿಂತ ಆ ನವೆಂಬರಿನ ಪತ್ರಿಕೆಗಳನ್ನು ತಿರುವಿಹಾಕುವುದು ಲೇಸು.

ವಿರೋಧಿಗಳ ಕೂಟ ವಿಚಿತ್ರವಾಗಿತ್ತು. ಎಡಪಂಥೀಯ ಮಹಿಳಾ ಸಂಘಟನೆಗಳಿಗೆ ಹೆಣ್ಣು ಸರಕಾಗುವುದು, ಮಾರುಕಟ್ಟೆ ಮನೆಯೊಳಗೆ ಬರುವುದು ಸಮಸ್ಯೆ. ಬಲಪಂಥೀಯರಿಗೆ ಭಾರತೀಯ ನಾರಿಯ ಮಾನ ಹೋಗುವುದು ಸಮಸ್ಯೆ. ರೈತರಿಗೆ ಬೀಜ, ಗೊಬ್ಬರ, ಕೋಳಿ, ಕಿರೀಟ ಎಲ್ಲವೂ ಒಂದೇ ಹಡಗಿನಲ್ಲಿ ಬಂದವು. ಮಹಿಳಾ ಜಾಗರಣ ಎಂಬ ಸಂಘಟನೆಯ ಕಾರ್ಯಕರ್ತೆಯರು ಕ್ರೀಡಾಂಗಣದೊಳಗೇ ಬೆಂಕಿ ಹಚ್ಚಿಕೊಳ್ಳುತ್ತೇವೆ ಎಂದು ಬೆದರಿಸಿದರು. ದೂರದ ಮದುರೈಯಲ್ಲಿ ಯುವಕನೊಬ್ಬ ನಿಜಕ್ಕೂ ಬೆಂಕಿ ಹಚ್ಚಿಕೊಂಡು ಸತ್ತ. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸಾವಿರಾರು ಪೊಲೀಸರು ಕಬ್ಬನ್ ಪಾರ್ಕಿನ ಆಸುಪಾಸನ್ನು ಕೋಟೆ ಮಾಡಿದರು. ಸ್ಪರ್ಧೆ ಸುಸೂತ್ರವಾಗಿ ನಡೆಯಿತು. ಗ್ರೀಸಿನ ಐರೀನ್ ಸ್ಕ್ಲೀವಾ ಗೆದ್ದರು. ನಮ್ಮದೇ ಊರಿನ ರಾಣಿ ಜಯರಾಜ್ ಕೊನೆಯ ಐವರಲ್ಲಿ ಒಬ್ಬರಾದರು. ಅವರ ಹೆಸರು ಇವತ್ತು ಎಷ್ಟು ಬೆಂಗಳೂರಿಗರಿಗೆ ನೆನಪಿದೆ? ಬೀದಿಯ ಗದ್ದಲ ನೆನಪಿದೆ, ಬಚ್ಚನ್ ನೆನಪಿದ್ದಾರೆ. ಊರಿನ ಹುಡುಗಿ ತನ್ನ ಊರಿನ ಜನರೆದುರು, ಹೊರಗೆ ಲಾಠಿ ಹಿಡಿದ ಪೊಲೀಸರು ಸುತ್ತುಗಟ್ಟಿರುವಾಗ, ಕಾಲು ನಡುಗದಂತೆ ನಡೆದು ಆ ಹಂತ ತಲುಪಿದ್ದು ಯಾರ ನೆನಪಿಗೂ ಸೇರಲಿಲ್ಲ.

ಬೆಂಗಳೂರಿನ ಆವೃತ್ತಿಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವುದು ಈಜುಡುಗೆಯ ಸುತ್ತಿನ ಪ್ರಯಾಣ. ಪ್ರತಿಭಟನೆಗೆ ಮಣಿದ ಸಂಘಟಕರು ಅದನ್ನು ರದ್ದು ಮಾಡಲಿಲ್ಲ. ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಬೆಂಗಳೂರಿನಲ್ಲಿ ಲಜ್ಜೆ, ಹಿಂದೂ ಮಹಾಸಾಗರದ ಆಚೆ ಬಯಲು. ಹೆಣ್ಣಿನ ಮೈಯನ್ನು ಅಳೆಯುವುದು ತಪ್ಪೆಂದು ಯಾರಿಗಾದರೂ ಅನ್ನಿಸಿದ್ದರೆ ಅದು ಸೆಶೆಲ್ಸಿನಲ್ಲೂ ತಪ್ಪಾಗಬೇಕಿತ್ತು. ಸರಿಯೆನ್ನಿಸಿದ್ದರೆ ಬೆಂಗಳೂರಿನಲ್ಲೂ ಸರಿಯಾಗಬೇಕಿತ್ತು. ಎರಡೂ ಅಲ್ಲದ ಈ ಏರ್ಪಾಡಿಗೆ ಮೂರೂ ಕಡೆಯವರು ತಲೆದೂಗಿದರು. ಸರ್ಕಾರಕ್ಕೆ ಗಲಾಟೆ ತಪ್ಪಿತು, ಸಂಸ್ಕೃತಿ ರಕ್ಷಕರಿಗೆ ಗೆದ್ದೆವೆಂಬ ಸಮಾಧಾನ ಸಿಕ್ಕಿತು, ಸಂಘಟಕರಿಗೆ ಕಡಲ ತೀರದ ಚಿತ್ರಗಳು ಸಿಕ್ಕವು. ನಾವು ಅಲ್ಲಿಗೆ ಹೋಗಬೇಕೇ ಎಂದು ಎಂಬತ್ತೆಂಟು ಮಂದಿಯಲ್ಲಿ ಒಬ್ಬರನ್ನಾದರೂ ಕೇಳಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀದಿಯಲ್ಲಿದ್ದವರಿಗೆ ಅವರು ಬಲಿಪಶುಗಳು, ವೇದಿಕೆ ಕಟ್ಟಿದವರಿಗೆ ಆಕರ್ಷಣೆಗಳು. ಸ್ವಂತ ಇಚ್ಛೆಯಿದ್ದ ಹೆಂಗಸರಾಗಿ ಅವರನ್ನು ಯಾವ ಬಣವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎಬಿಸಿಎಲ್ ಮುಂದೆ ಸಾಲದ ಸುಳಿಗೆ ಸಿಕ್ಕಿ ಕುಸಿಯಿತು. ಈಜುಡುಗೆಯ ಸುತ್ತನ್ನು ಪೂರ್ತಿ ಕೈಬಿಡುವುದಾಗಿ ಮೋರ್ಲಿಯವರ ಪತ್ನಿ, ಸಂಸ್ಥೆಯ ಅಧ್ಯಕ್ಷೆ ಜೂಲಿಯಾ ಮೋರ್ಲಿ ಘೋಷಿಸಿದ್ದು 2014ರ ಕೊನೆಯಲ್ಲಿ. ಆಗ ಯಾರೂ ಬೀದಿಗೆ ಇಳಿದಿರಲಿಲ್ಲ.

ಬೆಂಗಳೂರಿನಲ್ಲಿ ಬಚಾವಾದದ್ದು ನೈಜೀರಿಯಾದಲ್ಲಿ ಆಗಲಿಲ್ಲ. 2001ರಲ್ಲಿ ಅಗ್ಬಾನಿ ದಾರೆಗೊ ಗೆದ್ದು, ಕಿರೀಟ ತೊಟ್ಟ ಮೊದಲ ಕಪ್ಪು ಆಫ್ರಿಕನ್ ಹೆಣ್ಣುಮಗಳಾದಾಗ ಆ ದೇಶ ಕುಣಿದಾಡಿತ್ತು. ಮರುವರ್ಷದ ಆತಿಥ್ಯ ಅಬುಜಾಕ್ಕೆ ಹೋಯಿತು. ಅಮೀನಾ ಲವಾಲ್ ಎಂಬ ಮಹಿಳೆಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ವಿಧಿಸಿದ್ದ ದೇಶಕ್ಕೆ ನಾವು ಬರುವುದಿಲ್ಲ ಎಂದು ಕೆಲವು ಸ್ಪರ್ಧಿಗಳು ಮೊದಲೇ ಘೋಷಿಸಿದ್ದರು. ಆಮೇಲೆ ಪತ್ರಿಕೆಯೊಂದರಲ್ಲಿ ಬಂದ ಲೇಖನದ ಸಾಲುಗಳಿಗೆ ಕಡೂನಾ ನಗರ ಹೊತ್ತಿ ಉರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸ್ಪರ್ಧೆಯನ್ನು ಲಂಡನ್ನಿಗೆ ಎತ್ತಿಕೊಂಡು ಹೋಗಿ, ಎರಡೇ ವಾರದಲ್ಲಿ ಟರ್ಕಿಯ ಆಜ್ರಾ ಆಕಿನ್ ಅವರಿಗೆ ಕಿರೀಟ ತೊಡಿಸಿದರು. ಅಲ್ಲಿ ಮೊದಲೇ ಹೊಗೆಯಾಡುತ್ತಿದ್ದ ಕೋಮು ದ್ವೇಷಕ್ಕೆ ಸ್ಪರ್ಧೆ ನೆಪ ಮಾತ್ರ, ಸರಿ. ಆದರೆ ಹೋಗಬಾರದು ಎಂದು ಮುಂಚೆಯೇ ಹೇಳಿದವರು ಇಪ್ಪತ್ತರ ಆಸುಪಾಸಿನ ಹುಡುಗಿಯರು, ಆ ಎಚ್ಚರಿಕೆಯನ್ನು ಬದಿಗೆ ಸರಿಸಿದವರು ಅನುಭವಿ ಸಂಘಟಕರು.

ಸಾನ್ಯಾದ ಪ್ರಸಂಗ ಇನ್ನೂ ಬೆತ್ತಲು. 2015ರ ಮಿಸ್ ವರ್ಲ್ಡ್ ಕೆನಡಾ ಅನಸ್ತಾಸಿಯಾ ಲಿನ್ ಚೀನಾದಲ್ಲಿ ಹುಟ್ಟಿದವರು, ಫಾಲುನ್ ಗಾಂಗ್ ಅನುಯಾಯಿ, ಅಲ್ಲಿನ ಮಾನವ ಹಕ್ಕುಗಳ ಬಗ್ಗೆ ಬಹಿರಂಗವಾಗಿ ಮಾತಾಡುವವರು. ಆ ವರ್ಷದ ಆತಿಥ್ಯ ಚೀನಾದ್ದು. ಅವರಿಗೆ ಆಹ್ವಾನ ಪತ್ರ ಬರಲೇ ಇಲ್ಲ. ಹಾಂಗ್‌ಕಾಂಗಿನವರೆಗೆ ಹೋದವರನ್ನು ಸಾನ್ಯಾದ ವಿಮಾನ ಹತ್ತಲು ಬಿಡಲಿಲ್ಲ. ಅವರಿಲ್ಲದೆಯೇ ಸ್ಪರ್ಧೆ ನಡೆಯಿತು. ಮರುವರ್ಷ ಅಮೆರಿಕದಲ್ಲಿ, ವಾಷಿಂಗ್ಟನ್ ಸಮೀಪ ನಡೆದಾಗ ಅವರಿಗೆ ಅವಕಾಶ ಸಿಕ್ಕಿತು. ಅಲ್ಲಿ ಕೂಡ ಸಂಘಟಕರು ಅವರನ್ನು ವರದಿಗಾರರ ಜತೆ ಮಾತಾಡದಂತೆ ತಡೆದರೆಂದು ಅಮೆರಿಕದ ಪತ್ರಿಕೆಗಳು ಬರೆದವು. 'ಬ್ಯೂಟಿ ವಿತ್ ಎ ಪರ್ಪಸ್' ಎಂಬ ಘೋಷವಾಕ್ಯವನ್ನು ಎಪ್ಪತ್ತರ ದಶಕದಿಂದ ಹಾಡುತ್ತ ಬಂದ ಸಂಸ್ಥೆಗೆ ನಿಜವಾದ ಉದ್ದೇಶವಿಟ್ಟುಕೊಂಡ ಸ್ಪರ್ಧಿಯೊಬ್ಬರು ಸಿಕ್ಕಾಗ ಏನು ಮಾಡಬೇಕೆಂದೇ ತೋಚಲಿಲ್ಲ. ಸೀಳು ತುಟಿ, ಶುಚಿ ನೀರು, ಮುಟ್ಟಿನ ನೈರ್ಮಲ್ಯ ಸರಿ. ಆತಿಥೇಯ ದೇಶದ ಜೈಲುಗಳ ಸುದ್ದಿ ಬೇಡ.

ನಿಯಮಗಳ ಪುಸ್ತಕಕ್ಕೂ ಇದೇ ಕಾಯಿಲೆ. 2017ರಲ್ಲಿ ಮಾನುಷಿ ಛಿಲ್ಲರ್‌ಗೆ ಕೇಳಿದ ಪ್ರಶ್ನೆ, ಯಾವ ವೃತ್ತಿಗೆ ಅತಿ ಹೆಚ್ಚು ಸಂಬಳ ಸಿಗಬೇಕು ಎಂದು. ತಾಯಿಗೆ ಎಂಬ ಅವರ ಉತ್ತರ ಕಿರೀಟ ತಂದಿತು, ದೇಶವೆಲ್ಲ ಅದನ್ನು ಹಂಚಿಕೊಂಡಿತು. ಅದಾದ ಒಂದು ವರ್ಷದೊಳಗೆ ಮಿಸ್ ಉಕ್ರೇನ್ ಪಟ್ಟ ಗೆದ್ದ ವೆರೋನಿಕಾ ದಿದುಸೆಂಕೊ ವಿಚ್ಛೇದಿತೆ, ಮಗುವೊಂದರ ತಾಯಿ ಎಂದು ತಿಳಿದಾಗ ಪಟ್ಟ ಕಿತ್ತುಕೊಂಡರು, ಮಿಸ್ ವರ್ಲ್ಡ್ ಬಾಗಿಲೂ ಮುಚ್ಚಿತು. ತಾಯಿಯಾದವಳು ನಿಲ್ಲುವಂತಿಲ್ಲ ಎಂಬ ನಿಯಮದ ವಿರುದ್ಧ ಅವರು ಬ್ರಿಟನ್ನಿನಲ್ಲಿ ಕಾನೂನು ಹೋರಾಟಕ್ಕೆ ಇಳಿದರು. 1974ರಲ್ಲಿ ಬ್ರಿಟನ್ನಿನ ಹೆಲೆನ್ ಮೋರ್ಗನ್ ಗೆದ್ದ ನಾಲ್ಕೇ ದಿನಕ್ಕೆ, ಮದುವೆಯಾಗದೆ ತಾಯಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದಕ್ಕೆ ಕಿರೀಟ ಬಿಟ್ಟುಕೊಟ್ಟಿದ್ದರು. ನಡುವೆ ನಲವತ್ತನಾಲ್ಕು ವರ್ಷ ಕಳೆದಿದ್ದವು. ತಾಯ್ತನವನ್ನು ಹೊಗಳಿದವಳಿಗೆ ಕಿರೀಟ, ತಾಯಿಯಾದವಳಿಗೆ ಗೇಟ್‌ಪಾಸ್. ಪ್ರತಿಸ್ಪರ್ಧಿ ಸಂಸ್ಥೆಯಾದ ಮಿಸ್ ಯೂನಿವರ್ಸ್ 2023ರಿಂದ ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ತೆರೆದಿದೆ, ಮರುವರ್ಷ ವಯಸ್ಸಿನ ಮಿತಿಯನ್ನೂ ತೆಗೆದಿದೆ. ಅದೇನು ದೊಡ್ಡ ಔದಾರ್ಯವಲ್ಲ, ಮಾರುಕಟ್ಟೆ ಹಿಗ್ಗಿಸುವ ಬುದ್ಧಿ ಇರಬಹುದು. ಆದರೂ ಅಷ್ಟಾದರೂ ಆಯಿತಲ್ಲ.

ಎರಡು ಸಂಸ್ಥೆಗಳ ನಡುವೆ ಸ್ಪರ್ಧಿ ಯಾರ ಸೊತ್ತು ಎಂಬ ಜಗ್ಗಾಟವೂ ಇದೆ. ಓಪಲ್ 2024ರ ಮಿಸ್ ಯೂನಿವರ್ಸ್‌ನಲ್ಲಿ ಮೂರನೆಯ ರನ್ನರ್ ಅಪ್ ಆಗಿದ್ದರು. ಮಿಸ್ ವರ್ಲ್ಡ್‌ಗೆ ಹೊರಟದ್ದಕ್ಕೆ ಮಿಸ್ ಯೂನಿವರ್ಸ್ ಸಂಸ್ಥೆ ಆ ಪಟ್ಟವನ್ನು ವಾಪಸು ಪಡೆಯಿತು. ಗೆದ್ದ ಸ್ಥಾನವನ್ನೂ ಒಪ್ಪಂದದ ಕಲಮಿನಿಂದ ಅಳಿಸಬಹುದಾದ ಇನ್ನೊಂದು ಕ್ರೀಡೆ ಯಾವುದಿದೆಯೋ ಕಾಣೆ. ಓಡಿದ್ದು ಓಡಿದ್ದೇ ಅಲ್ಲವೆ?

ಮತ್ತೆ ಹೈದರಾಬಾದಿಗೆ ಬರೋಣ. ತೆಲಂಗಾಣ ಸರ್ಕಾರ ಈ ಆತಿಥ್ಯವನ್ನು ಮುಚ್ಚುಮರೆಯಿಲ್ಲದೆ ಪ್ರವಾಸೋದ್ಯಮದ ಪ್ರಚಾರವೆಂದೇ ಘೋಷಿಸಿತ್ತು. ನೂರಕ್ಕೂ ಹೆಚ್ಚು ದೇಶಗಳ ಹುಡುಗಿಯರನ್ನು ಮೇ 10ರಿಂದ ತಿಂಗಳ ಕೊನೆಯವರೆಗೆ ಚಾರ್ಮಿನಾರ್, ಚೌಮಹಲ್ಲಾ ಅರಮನೆ, ಯಾದಗಿರಿಗುಟ್ಟ, ನೇಕಾರರ ಪೋಚಂಪಲ್ಲಿ, ನಾಗಾರ್ಜುನಸಾಗರದ ಬುದ್ಧವನ, ರಾಮೋಜಿ ಫಿಲ್ಮ್ ಸಿಟಿ ಎಂದು ಸುತ್ತಿಸಿದರು. ಮೇ ತಿಂಗಳ ತೆಲಂಗಾಣದ ಬಿಸಿಲಿನಲ್ಲಿ, ಪೂರ್ತಿ ಮೇಕಪ್ಪಿನಲ್ಲಿ. ಪೋಚಂಪಲ್ಲಿಯ ಭೇಟಿ ನನಗೆ ಇಷ್ಟವಾಯಿತು ಎನ್ನಬೇಕು. ಇಕ್ಕತ್ ಸೀರೆಗೆ ಅಷ್ಟು ಕ್ಯಾಮೆರಾ ಬೀಳುವುದು ನೇಕಾರರಿಗೆ ನಷ್ಟವೇನಲ್ಲ. ಆದರೆ ಮುಲುಗು ಜಿಲ್ಲೆಯ ರಾಮಪ್ಪ ಗುಡಿಯೆದುರು ನಡೆದದ್ದು ಬೇರೆ. ಕಾಕತೀಯರ ಕಾಲದ, ಯುನೆಸ್ಕೊ ಪಟ್ಟಿಯಲ್ಲಿರುವ ಆ ಗುಡಿಗೆ ಹೋಗುವ ಮುನ್ನ ಸ್ಪರ್ಧಿಗಳನ್ನು ಸಾಲಾಗಿ ಕುರ್ಚಿಯಲ್ಲಿ ಕೂರಿಸಿ ಕಾಲಿಗೆ ನೀರು ಹಾಕಿಸಿದರು. ಸ್ಥಳೀಯ ಹೆಂಗಸರು ಬಗ್ಗಿ ಕೆಲವರ ಪಾದ ತೊಳೆದು ಒರೆಸುವ ವಿಡಿಯೋ ದೇಶವೆಲ್ಲ ಹರಿದಾಡಿತು. ಅತಿಥಿ ದೇವೋ ಭವ ಎಂದಿತು ಸರ್ಕಾರ. ತೆಲಂಗಾಣದ ಆತ್ಮಗೌರವಕ್ಕೆ ಅವಮಾನ ಎಂದವು ವಿರೋಧ ಪಕ್ಷಗಳು.

ಆ ದೃಶ್ಯದಲ್ಲಿ ಕುರ್ಚಿಯ ಮೇಲಿದ್ದ ಹುಡುಗಿಯರ ಮುಖಗಳನ್ನು ನಾನು ಗಮನಿಸಿ ನೋಡಿದೆ. ಕೆಲವರಿಗೆ ಸಂಕೋಚ, ಕೆಲವರಿಗೆ ಏನಾಗುತ್ತಿದೆ ಎಂಬುದೇ ಅಂದಾಜಿಲ್ಲ, ಉಳಿದವರ ಮುಖದಲ್ಲಿ ತಿಂಗಳಿಡೀ ಹೊತ್ತು ತಿರುಗಬೇಕಾದ ಅದೇ ನಗು. ಬಯ್ಗುಳ ಅವರ ಮೇಲೂ ಬಿತ್ತು. ಕಾಲು ತೊಳೆಸಿಕೊಳ್ಳುವ ಏರ್ಪಾಡು ಅವರದಲ್ಲ, ತೊಳೆದವರದ್ದೂ ಅಲ್ಲ. ಕೆಳಗೆ ಬಗ್ಗಿದ ಹೆಂಗಸಿಗೂ ಮೇಲೆ ಕೂತ ಹೆಂಗಸಿಗೂ ಆ ಹೊತ್ತಿನಲ್ಲಿ ಇದ್ದ ಪಾತ್ರವನ್ನು ಬರೆದವರು ಯಾರೋ ಅಧಿಕಾರಿಗಳು. ಮಿಲ್ಲಾ ಮ್ಯಾಗಿ ಅವರ ಆರೋಪ ಪೂರ್ತಿ ನಿಜವೋ ಅಲ್ಲವೋ ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಔತಣದ ಮೇಜುಗಳಿಗೆ ಸ್ಪರ್ಧಿಗಳನ್ನು ಹಂಚುವುದು ಈ ಏರ್ಪಾಡಿನ ತರ್ಕಕ್ಕೆ ಹೊರತಾದದ್ದಲ್ಲ ಎಂದು ಹೇಳಲು ಯಾವ ವಿಚಾರಣಾ ವರದಿಯೂ ಬೇಕಿಲ್ಲ. ಹಣ ಕೊಟ್ಟ ಮನೆಯವರು ಮುಖ ತೋರಿಸಿ ಎಂದು ಕೇಳಿಯೇ ಕೇಳುತ್ತಾರೆ.

ಬರೀ ಪ್ರದರ್ಶನವಾಗಿ ನೋಡಿದರೂ ಅಂತಿಮ ರಾತ್ರಿ ಸಪ್ಪೆ. ಗಂಟೆಗಟ್ಟಲೆ ಎಳೆಯುವ ಕಾರ್ಯಕ್ರಮದಲ್ಲಿ ಬಾಲಿವುಡ್ ಕುಣಿತಕ್ಕೆ, ಪ್ರಶಸ್ತಿ ಪ್ರದಾನಕ್ಕೆ, ಪ್ರಾಯೋಜಕರಿಗೆ ಧಾರಾಳ ಸಮಯ. ಪ್ರಶ್ನೆ ಕೇಳಿದ ತೀರ್ಪುಗಾರರೇ ಅದೇ ವೇದಿಕೆಯಲ್ಲಿ ಮಾನವೀಯ ಸೇವೆಯ ಪ್ರಶಸ್ತಿಯನ್ನೂ ಪಡೆದರು. ಅಂಕಗಳ ಪಟ್ಟಿ ಪ್ರೇಕ್ಷಕರಿಗೆ ಕಾಣುವುದಿಲ್ಲ. ಯಾರು ಯಾಕೆ ಮುಂದೆ ಹೋದರು, ಯಾಕೆ ಹಿಂದೆ ಉಳಿದರು ಎಂದು ಊಹಿಸುವುದಷ್ಟೇ ನಮ್ಮ ಪಾಲು. ನಾಲ್ಕು ಖಂಡಗಳ ಗುಂಪು ಮಾಡಿ, ಪ್ರತಿ ಗುಂಪಿನಿಂದ ಇಬ್ಬರಂತೆ ಎಂಟು ಮಂದಿಯನ್ನು, ಕೊನೆಗೆ ಒಬ್ಬೊಬ್ಬರಂತೆ ನಾಲ್ವರನ್ನು ಆರಿಸುವ ಈಗಿನ ಪದ್ಧತಿಯನ್ನು ಮಾತ್ರ ನಾನು ಮೆಚ್ಚುತ್ತೇನೆ. ಲ್ಯಾಟಿನ್ ಅಮೆರಿಕದ ಪಳಗಿದ ತರಬೇತಿ ಶಾಲೆಗಳ ಹುಡುಗಿಯರೇ ಸಾಲು ಹಿಡಿಯುವುದು ಇದರಿಂದ ತಪ್ಪಿದೆ, ಆಫ್ರಿಕಾಕ್ಕೆ ಜಾಗ ಖಾತ್ರಿಯಾಗಿದೆ. ಇಥಿಯೋಪಿಯಾದ ಹಾಸೆಟ್ ದೆರೆಜೆ ಅದ್ಮಾಸು 2025ರಲ್ಲಿ ಎರಡನೆಯ ಸ್ಥಾನಕ್ಕೆ ಬಂದರು. ಇದರ ಬಿಸಿ ತಟ್ಟುವುದು ಏಷ್ಯಾದವರಿಗೆ. ಫಿಲಿಪ್ಪೀನ್ಸ್, ಥಾಯ್ಲೆಂಡ್, ಇಂಡೊನೇಷ್ಯಾ, ಭಾರತ ಎಲ್ಲವೂ ಒಂದೇ ಬುಟ್ಟಿಯಲ್ಲಿ. ಆತಿಥೇಯ ದೇಶದ ನಂದಿನಿ ಗುಪ್ತಾ ಇಪ್ಪತ್ತರ ಹಂತ ದಾಟಲಿಲ್ಲ. ಹಿಂದಿನ ಆವೃತ್ತಿಯಲ್ಲಿ, ಮುಂಬೈಯಲ್ಲಿ, ಕರ್ನಾಟಕದಿಂದ ಮಿಸ್ ಇಂಡಿಯಾ ಆಗಿದ್ದ ಭರತನಾಟ್ಯ ಕಲಾವಿದೆ ಸಿನಿ ಶೆಟ್ಟಿ ಎಂಟರವರೆಗೆ ಬಂದು ನಿಂತಿದ್ದರು. ಊರಿಗೊಬ್ಬಳೇ ಪದ್ಮಾವತಿ ಎನ್ನುವ ನಮ್ಮ ಗಾದೆಯನ್ನು ಇಡೀ ಭೂಮಿಗೆ ಹಿಗ್ಗಿಸಿದರೆ ಲೆಕ್ಕ ಹೀಗೇ ಬಿಗಿಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಈ ಕಾರ್ಯಕ್ರಮವನ್ನು ಆಗಾಗ ನೋಡುತ್ತೇನೆ. ನೋಡುವಂತೆ ಮಾಡುವವರು ಸ್ಪರ್ಧಿಗಳೇ. 2019ರಲ್ಲಿ ಲಂಡನ್ನಿನಲ್ಲಿ ಜಮೈಕಾದ ಟೋನಿ ಆ್ಯನ್ ಸಿಂಗ್ ಹೆಸರು ಕೂಗಿದಾಗ ಪಕ್ಕದಲ್ಲಿದ್ದ ಮಿಸ್ ನೈಜೀರಿಯಾ ನ್ಯೆಕಾಚಿ ಡಗ್ಲಸ್ ತಾವೇ ಗೆದ್ದಂತೆ ಕಿರುಚಿ ಕುಪ್ಪಳಿಸಿದ್ದನ್ನು ನೋಡಿದವರು ಮರೆಯಲಾರರು. ತಾನು ಸೋತ ಕ್ಷಣದಲ್ಲಿ ಇನ್ನೊಬ್ಬಳ ಗೆಲುವಿಗೆ ಅಷ್ಟು ಮೈ ಮರೆಯುವುದನ್ನು ಯಾವ ಗ್ರೂಮಿಂಗ್ ಕ್ಲಾಸೂ ಕಲಿಸಿರಲಾರದು. ಓಪಲ್ ಅವರದೂ ಪೊಳ್ಳು ಭಾಷಣವಲ್ಲ. ಹದಿನಾರನೆಯ ವಯಸ್ಸಿನಲ್ಲಿ ಸ್ತನದಲ್ಲಿ ಗಡ್ಡೆ ಕಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಅದರಿಂದಲೇ ಸ್ತನ ಕ್ಯಾನ್ಸರ್ ಜಾಗೃತಿಗೆ ಇಳಿದವರು. ಮಿಲ್ಲಾ ಮ್ಯಾಗಿ ಕಾರ್ನ್‌ವಾಲ್ ಕಡಲತೀರದಲ್ಲಿ ಜೀವರಕ್ಷಕಿಯಾಗಿದ್ದವರು. ಶಾಲಾ ಮಕ್ಕಳಿಗೆಲ್ಲ ಸಿಪಿಆರ್ ಕಲಿಸಬೇಕು ಎಂಬುದು ಅವರು ಹಿಡಿದು ಬಂದಿದ್ದ ವಿಷಯ. ಹೃದಯ ನಿಂತವನ ಎದೆ ಒತ್ತುವುದು ಹೇಗೆಂದು ಮುಲುಗುವಿನ ಒಂದು ಸರ್ಕಾರಿ ಶಾಲೆಯಲ್ಲಿ ಅವರಿಂದ ಹೇಳಿಸಿದ್ದರೆ ಸರ್ಕಾರದ ದುಡ್ಡಿಗೂ ಒಂದು ಅರ್ಥ ಬರುತ್ತಿತ್ತು. ಅವರನ್ನು ಊಟದ ಮೇಜಿಗೆ ಕಳುಹಿಸಿದರು.

2017ರಿಂದ ಸ್ಪರ್ಧೆಯಲ್ಲಿ 'ಹೆಡ್ ಟು ಹೆಡ್' ಎಂಬ ಸುತ್ತೊಂದಿದೆ. ಸ್ಪರ್ಧಿಗಳು ತಮ್ಮ ಕೆಲಸದ ಬಗ್ಗೆ, ತಮ್ಮ ದೇಶದ ಬಗ್ಗೆ ಒಂದಿಷ್ಟು ಬಿಡುವಾಗಿ ಮಾತಾಡುವ ಸುತ್ತು ಅದು. ಹೈದರಾಬಾದಿನಲ್ಲಿ ಅದು ಟಿ-ಹಬ್ ಕಟ್ಟಡದಲ್ಲಿ ನಡೆಯಿತು. ವೇಲ್ಸ್, ಟರ್ಕಿ, ಜಾಂಬಿಯಾ, ಟ್ರಿನಿಡಾಡ್ ಮತ್ತು ಟೊಬೇಗೊದ ಸ್ಪರ್ಧಿಗಳು ತಂತಮ್ಮ ಖಂಡಗಳಿಂದ ಗೆದ್ದರು. ಅದರ ಫಲವಾಗಿ ಮೊದಲ ನಲವತ್ತರೊಳಗೆ ನೇರ ಪ್ರವೇಶ ಸಿಕ್ಕಿತು. ಅಂತಿಮ ರಾತ್ರಿಯ ಎಂಟರಲ್ಲಿ ಇವರ ಪೈಕಿ ಒಬ್ಬರೂ ಇರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವರನ್ನೆಲ್ಲ ಮನೆಗೆ ಕಳಿಸಿ, ಉಳಿದವರಿಗೆ ಮಾತಾಡಲು ಒಂದು ನಿಮಿಷಕ್ಕೂ ಕಡಿಮೆ ಕೊಟ್ಟು, ಉತ್ತರದಿಂದ ವಿಶ್ವಸುಂದರಿಯನ್ನು ಆರಿಸುತ್ತೇವೆ ಎನ್ನುವ ಸ್ಪರ್ಧೆಯಿದು. ಆ ಸುತ್ತನ್ನೇ ಅಂತಿಮ ರಾತ್ರಿಯ ನಡುಮನೆಗೆ ತಂದು, ಕುಣಿತಗಳನ್ನು ಅರ್ಧಕ್ಕೆ ಇಳಿಸಿ, ಅಂಕಪಟ್ಟಿಯನ್ನು ಪರದೆಯ ಮೇಲೆ ತೋರಿಸಿದರೆ ನಾನು ಮೂರು ಗಂಟೆ ಕದಲದೆ ಕೂತು ನೋಡುತ್ತೇನೆ. ಪ್ರವಾಸೋದ್ಯಮ ಇಲಾಖೆಗಳು ಅದಕ್ಕೆ ದುಡ್ಡು ಕೊಡುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಅತಿಥಿಗಳು ಬಾಯಿ ಬಿಟ್ಟು ಮಾತಾಡಲಿ ಎಂದು ಅವರು ಕರೆಯುವುದಿಲ್ಲವಲ್ಲ.